ಒಂದು ಗುಡಿಸಿನ ತಪ್ಪು

“ಹತ್ತಿಬಿಡಿ ಅಕ್ಕಾ! ಹಿಂದೆ ಪೂರ್ತಿ ಖಾಲಿ ಇದೆ, ಕಾಲು ಚಾಚ್ಕೊಂಡು ಕೂರಬಹುದು!”

ವ್ಯಾನ್ ಡ್ರೈವರ್ ಹೀಗೆ ಕೂಗಿದ್ದು ಇದು ನಾಲ್ಕನೇ ಸಲ. ಓಟದ ಸ್ಪರ್ಧೆಯಲ್ಲಿ ಓಡಲಾಗದೆ ನಿಂತವರನ್ನು ಹತ್ತಿಸಿಕೊಂಡು ಬರುವ ವ್ಯಾನ್ ಅದು. ಅದರ ಮುಂದೆ ಉಳಿದಿದ್ದವಳು ಅವಳೊಬ್ಬಳೇ. ಹದಿನೆಂಟು ಕಿಲೋಮೀಟರ್ ಮುಗಿದಿತ್ತು. ಇನ್ನು ಮೂರು ಬಾಕಿ, ಕೈಯಲ್ಲಿ ಇಪ್ಪತ್ತೆಂಟು ನಿಮಿಷ. ಆಮೇಲೆ ಗೆರೆ ದಾಟಿದರೂ ದಾಟಿದಂತಲ್ಲ.

“ನೀರಾದ್ರೂ ಕುಡಿ, ಸೂಜಿ.”

ಅವಳು ಥಟ್ಟನೆ ತಿರುಗಿದಳು!

ಟೈಲರ್ ಅಂಗಡಿಯ ಅವಳನ್ನು ಹಾಗೆ ಕರೆಯುವವನು ಜಗತ್ತಿನಲ್ಲಿ ಒಬ್ಬನೇ. ವ್ಯಾನಿನ ಕಿಟಕಿಯಲ್ಲಿ ಅದೇ ಮುಖ. ಎರಡನೇ ಗುಂಡಿ ಕಿತ್ತುಹೋದ ಅದೇ ಅಂಗಿ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನು, ಮೂರು ತಿಂಗಳು ದಿನಾ ಬೆಳಗ್ಗೆ ಜೊತೆಗೆ ಓಡಿದವನು.

“ನಾನು ಬೀಳೋದನ್ನ... ನೋಡೋಕೆ ಬಂದ್ಯಾ?”

“ನೀರು ಕೊಡೋಕೆ ಬಂದೆ. ಮಂಡಿ ಹೋದೋನಿಗೆ ಇನ್ನೇನು ಕೆಲಸ ಕೊಡ್ತಾರೆ?”

“ಮಂಡಿನಾ? ಯಾವ ಮಂಡಿ?”

“ಓಡೋಕಾಗಲ್ಲ ಅಂತ ಮೆಸೇಜ್ ಮಾಡಿದ್ನಲ್ಲ!”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಐದು ವಾರದ ಹಿಂದೆ ಅವಳಿಗೆ ಮೊದಲು ಜ್ವರ, ಆಮೇಲೆ ಉಳುಕಿದ ಪಾದ. ಆ ಪಾದಕ್ಕೆ ಪಟ್ಟಿ ಸುತ್ತಿಕೊಂಡು ಹೊಲಿಗೆ ಯಂತ್ರದ ಮುಂದೆ ಸಪ್ಪಗೆ ಕೂತಿದ್ದ ದಿನವೇ ಬಂದಿತ್ತು ಆ ಮೆಸೇಜು! ಓದಿದವಳೇ ಅವನ ನಂಬರನ್ನು ಬ್ಲಾಕ್ ಮಾಡಿದ್ದಳು.

“ಮಾಡಿದ್ದೆ ನೀನು! ‘ಇಪ್ಪತ್ತೊಂದು ಕಿಲೋಮೀಟರ್ ನಿನ್ನ ಕೈಲಿ ಆಗಲ್ಲ, ಸಾರಿ’ ಅಂತ! ಸಾರಿ ಬೇರೆ ಕೇಡಿಗೆ!”

“‘ನಿನ್ನ’ ಅಲ್ಲ ಕಣೇ! ‘ನನ್ನ’! ನನ್ನ ಕೈಲಿ ಆಗಲ್ಲ ಅಂತ!”

ಅವನು ಫೋನ್ ತಡಕಾಡಿದ. ಡ್ರೈವರ್ ಕತ್ತು ಚಾಚಿ ಇಣುಕಿದ.

“ನಿನ್ನ ಅಂತಾನೇ ಇದೆ ಸಾರ್.”

“ನೀವು ರಸ್ತೆ ನೋಡ್ರೀ!”

ನಗಬೇಕೋ, ಅವನು ಕೊಟ್ಟಿದ್ದ ನೀರಿನ ಬಾಟಲಿಯನ್ನು ಅವನ ಮೇಲೇ ಎಸೆಯಬೇಕೋ... ಅವಳಿಗೆ ತಿಳಿಯಲಿಲ್ಲ.

“ಊರವರ ತಪ್ಪೆಲ್ಲ ಕೆಂಪು ಶಾಯಿಲಿ ತಿದ್ತೀಯ. ನನಗೆ ಬರೆಯೋವಾಗ ಒಂದು ಗುಡಿಸು ಕಾಣಲಿಲ್ವಾ?”

“ನಿನಗೆ ಬರೆಯೋವಾಗ ಮಾತ್ರ ಕೈ ನಡುಗುತ್ತೆ ಕಣೇ!”

ಅವಳ ಹೆಜ್ಜೆ ತಪ್ಪಿತು.

“ಆಮೇಲೆ ನಾಚ್ಕೊಳ್ಳಿ ಅಕ್ಕಾ, ಇಪ್ಪತ್ತೈದೇ ನಿಮಿಷ ಇರೋದು!” ಡ್ರೈವರ್ ಹಾರ್ನ್ ಬಾರಿಸಿದ.

ಐದು ವಾರ ಇವನಿಗೆ ತೋರಿಸಬೇಕೆಂಬ ಹಟಕ್ಕೇ ಓಡಿದ್ದಳು. ಆ ಹಟವೂ ಈಗ ಕೈಕೊಟ್ಟಿತಲ್ಲ! ಇನ್ನು ಯಾರಿಗೆ ತೋರಿಸುವುದು?

‘ನನಗೇ... ನನಗೇ ತೋರಿಸ್ಕೋತೀನಿ!’

ಪಾದ ಸುಡುತ್ತಿತ್ತು. ಕಿಟಕಿಯ ಕಡೆ ತಿರುಗಿಯೂ ನೋಡದೆ ಓಡಿದಳು. ಗೆರೆ ದಾಟಿದಾಗ ಗಡಿಯಾರದಲ್ಲಿ ಇನ್ನೂ ನಲವತ್ತು ಸೆಕೆಂಡ್ ಉಳಿದಿತ್ತು!

ಫುಟ್‌ಪಾತಿನ ಮೇಲೆ ಕುಸಿದು ಕೂತವಳ ಪಕ್ಕಕ್ಕೆ ಅವನು ಕುಂಟುತ್ತಾ ಬಂದು ಕೂತ. ಅವಳು ಎದೆಯ ಮೇಲಿನ ನಂಬರ್ ಚೀಟಿಯಿಂದ ಒಂದು ಪಿನ್ ಬಿಚ್ಚಿ, ಅವನ ಅಂಗಿಯ ಗುಂಡಿ ಇಲ್ಲದ ಜಾಗಕ್ಕೆ ಚುಚ್ಚಿದಳು.

“ಅಯ್ಯೋ!”

“ಚುಚ್ಚಲಿ ಅಂತಾನೇ ಹಾಕಿದ್ದು. ಹೇಳು, ಅವತ್ತಿನ ವಾಕ್ಯ ಸರಿಯಾಗಿ ಹೇಳು.”

“ನೀನಿಲ್ದೆ... ನನ್ನ ಕೈಲಿ ಆಗಲ್ಲ.”

“ನಿನ್ನ ಅಲ್ಲ ತಾನೇ?”

“ನನ್ನ. ನೂರು ಸಲ ನೋಡಿ ಹೇಳ್ತಿದೀನಿ.”

“ಹಾಗಾದ್ರೆ ನಾಳೆ ಅಂಗಡಿಗೆ ಬಾ. ಗುಂಡಿ ಹಾಕ್ಕೊಡ್ತೀನಿ.”

ಡ್ರೈವರ್ ವ್ಯಾನಿನ ಹಿಂದಿನ ಬಾಗಿಲು ತೆರೆದು ನಿಂತಿದ್ದ, ಏನೂ ಕೂಗದೆ. ಪಕ್ಕದಲ್ಲಿ ಕೂತವನ ಭುಜ ಹಿಡಿದು ಎದ್ದ ಅವಳು ತಾನೇ ಮೊದಲು ಹತ್ತಿ, ಕಾಲು ಚಾಚಿ ಕೂತಳು.