ಆಯಿ ಆರಿಸಿದ ಗೈಡು

"ಶಾಲೂ, ಭಾಂಡಿ ಬಿಡು, ಲಗೂ ಬಾ!"

ಕುಬರಾ ಓಡಿ ಬಂದಾಗ ಶಾಲು ಅಂಗಳದಲ್ಲಿ ಕೂತು ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದಳು. ಆ ವರ್ಷ ಔರಾದದಲ್ಲಿ ನೀರು ಬಹಳ ಕಡಿಮೆ. ಪಾತ್ರೆಗಳನ್ನು ಬೂದಿಯಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ, ಕೊನೆಗೆ ಎಲ್ಲವನ್ನೂ ಒಂದೇ ತಂಬಿಗೆ ನೀರಿನಲ್ಲಿ ತೊಳೆಯಬೇಕಿತ್ತು.

"ಯಾಕ, ಏನಾತು?"

"ಗೈಡ್ ಖಲಾಸ್! ಇಲ್ಲಿ ದುಕಾನ್‌ದಾಗ ಒಂದೂ ಇಲ್ಲ. ನಾಳಿ ಎಲ್ಲಾರೂ ಪರಿಸರ ವಿಜ್ಞಾನದ ಗೈಡ್ ತರಬೇಕಂತ ಸರ್ ಹೇಳ್ಯಾರಲ್ಲ? ಬೀದರಕ್ಕೇ ಹೋಗಬೇಕು. ನಿಮ್ಮ ಆಯಿ ಬಂದ್ರ ನನಗೂ ಕಳಸ್ತೀನಿ ಅಂದಾಳ ಅಮ್ಮಿ."

ಶಾಲುವಿನ ಕೈಯಿಂದ ತಟ್ಟೆ ಜಾರಿತು. ಮುಂದಿನ ತಿಂಗಳು ಭಾಲ್ಕಿಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ. ಅದರಲ್ಲಿ ಅರ್ಧ ಪ್ರಶ್ನೆಗಳು ಪರಿಸರ ವಿಜ್ಞಾನದವೇ.

ಎರಡು ವರ್ಷದಿಂದ ಮಳೆ ಸರಿಯಾಗಿ ಆಗಿರಲಿಲ್ಲ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು, ಶಾಲು ಈಗ ಅಜ್ಜಿಯ ಹತ್ತಿರ ಇದ್ದಳು. ಹೋದ ವರ್ಷ ಶಾಲುವೂ ಅವರ ಜೊತೆ ಆರು ತಿಂಗಳು ಅಲ್ಲಿದ್ದಳು. ಅಲ್ಲಿ ಶಾಲೆಯಿಲ್ಲ. ದಿನವಿಡೀ ಮರಳಿನ ಗುಡ್ಡೆಯ ಪಕ್ಕ ಕೂತು ತಮ್ಮನನ್ನು ಆಡಿಸುವುದೇ ಕೆಲಸ. ವಸತಿ ಶಾಲೆಯಲ್ಲಿ ಸೀಟು ಸಿಕ್ಕರೆ ಓದು ಮುಂದುವರಿಯುತ್ತದೆ. ಸಿಗದಿದ್ದರೆ ಜೂನ್‌ನಲ್ಲಿ ಮತ್ತೆ ಆ ಮರಳಿನ ಗುಡ್ಡೆಗೆ.

ಅಷ್ಟರಲ್ಲಿ ಅಜ್ಜಿ ಕೇಶರಬಾಯಿ ಸೆರಗು ಸರಿಮಾಡುತ್ತ ಹೊರಗೆ ಬಂದಳು. ಓಣಿಯ ಮಕ್ಕಳಿಗೆಲ್ಲ ಅವಳು 'ಆಯಿ'.

"ನಡೀರಿ, ಬಸ್ಸಿನ ಟೈಮ್ ಆತು. ಬುಕ್ ನಾ ಆರಿಸ್ತೇನಿ."

ಕುಬರಾ ಕಿಸಕ್ಕನೆ ನಕ್ಕಳು. "ಆಯಿ, ನಿಮಗ ಓದಲಿಕ್ಕ ಬರ್ತದೇನ್ರಿ?"

"ಕಿವಿ ಅದಾವಲ್ಲ, ಸಾಕು!"

ಬೀದರಿನ ಬದ್ರೋದ್ದೀನ ಚಾಚಾನ ಪುಸ್ತಕದಂಗಡಿಯಲ್ಲಿ ಗೈಡುಗಳು ಮಾಳಿಗೆಯವರೆಗೆ ಪೇರಿಸಿದ್ದವು. ಚಾಚಾ ಹೊಳೆಯುವ ಹೊದಿಕೆಯ ದಪ್ಪ ಗೈಡೊಂದನ್ನು ಧಪ್ಪನೆ ಇಟ್ಟ.

"ಎಲ್ಲಾರೂ ಇದೇ ಒಯ್ತಾರ ನೋಡ್ರಿ ಆಯಿ. ನಲವತ್ತು ಟಾಪರ್‌ಗಳ ಫೋಟೋ ಅವ."

"ನನ್ನ ಮೊಮ್ಮಗಳು ಫೋಟೋ ಓದ್ತಾಳೇನು? ಶಾಲು, ನಮ್ಮ ಬಿಳಿಜ್ವಾಳದ್ದು ಏನ್ ಬರ್ದಾರ ಓದು."

ಶಾಲು ಹುಡುಕಿ ಓದಿದಳು: "ಬಿಳಿಜೋಳವನ್ನು ಜೂನ್ ತಿಂಗಳಲ್ಲಿ ಕೆಂಪು ಮಣ್ಣಿನಲ್ಲಿ ಬಿತ್ತುತ್ತಾರೆ."

ಆಯಿ ಎಷ್ಟು ಜೋರಾಗಿ ನಕ್ಕಳೆಂದರೆ, ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಯಾವ ಊರಾಗೋ ಭಾಯ್? ಜೂನ್‌ನ್ಯಾಗ ಬಿತ್ತಿದ್ರ, ತೆನಿ ಬರೂ ಹೊತ್ತಿಗಿ ಮಳಿ ಹೊಡದು ಕಾಳೆಲ್ಲ ಕರ್ರಗಾಗ್ತಾವ! ಬ್ಯಾರೆ ತೋರಸು."

ಎರಡನೆಯದರ ಜೊತೆ ಪೆನ್ನು ಫ್ರೀ ಇತ್ತು. ಬಾವಿ ಬತ್ತುವುದೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಎರಡೇ ಪದದ ಉತ್ತರ: 'ಮಳೆಯ ಕೊರತೆ'.

"ಇಷ್ಟೇನಾ? ಬಾವಿ ಬಾಜೂಕ ಬೋರ್ ಮ್ಯಾಲ ಬೋರ್ ಹೊಡದಾರಲ್ಲ, ಅದೆಲ್ಲಿ ಹೋತು?"

"ಆಯಿ, ನೀವು ಬುಕ್ಕಿಗೇ ಪರೀಕ್ಷಾ ತಗೋಳ್ಲತ್ತೀರಲ್ರಿ!" ಎಂದು ಚಾಚಾ ತಲೆ ಕೆರೆದುಕೊಂಡ. ಆಮೇಲೆ ಏಣಿ ಹತ್ತಿ, ಮೇಲಿನ ಸಾಲಿನಿಂದ ತೆಳ್ಳನೆಯ ಒಂದು ಗೈಡನ್ನು ತಂದು ಧೂಳು ಒರೆಸಿ ಕೊಟ್ಟ. ಅದರಲ್ಲಿ ಫೋಟೋ ಇರಲಿಲ್ಲ, ಪೆನ್ನೂ ಇರಲಿಲ್ಲ.

ಶಾಲು ಓದುತ್ತ ಹೋದಳು. ಬಿಳಿಜೋಳ: ಹಿಂಗಾರು ಬೆಳೆ, ಕಪ್ಪು ಮಣ್ಣು, ಸೆಪ್ಟೆಂಬರ್, ಅಕ್ಟೋಬರ್. ಬಾವಿ ಬತ್ತಲು ಮಳೆ ಕಡಿಮೆಯಾದದ್ದು ಒಂದು ಕಾರಣ, ಆಳವಾದ ಕೊಳವೆಬಾವಿಗಳು ಇನ್ನೊಂದು. ಆಯಿ ಎಲೆಅಡಿಕೆ ಜಗಿಯುವುದನ್ನೂ ನಿಲ್ಲಿಸಿ ಕೇಳಿದಳು.

"ಇದನ್ನ ಬರ್ದಾಂವ ಹೊಲ ನೋಡ್ಯಾನ. ಇದೇ ತಗೋ."

ಕುಬರಾ ಮಾತ್ರ ಟಾಪರ್ ಫೋಟೋದ ಗೈಡನ್ನೇ ಅಪ್ಪಿ ಹಿಡಿದಿದ್ದಳು. "ಸರ್ ಕೈಯಾಗೂ ಇದೇ ಅದ," ಎಂದಳು.

ಶಾಲುವಿನ ಮುಖ ಬಾಡಿತು. ಬಸ್ಸಿನಲ್ಲಿ ಆಯಿಯ ಕಿವಿಯಲ್ಲಿ ಕೇಳಿದಳು, "ಆಯಿ, ಎಲ್ಲಾರ ಗೈಡ್‌ನ್ಯಾಗ ಜೂನ್ ಅಂತ ಇದ್ರ ನಾ ಏನ್ ಬರೀಲಿ?"

"ನಿನ್ನ ಪರೀಕ್ಷಾದ ಮಾತು ನನಗೇನ್ ಗೊತ್ತವ್ವ? ಸರ್‌ಗೆ ಕೇಳು."

ಸರ್‌ಗೆ ಕೇಳುವುದು! ಹೈದರಾಬಾದಿನಿಂದ ಬಂದ ಹೊಸದರಲ್ಲಿ ಶಾಲು ಒಂದು ಸಲ ಪ್ರಶ್ನೆ ಕೇಳಿದ್ದಳು. "ಏ, ಆ ಪಾಠ ಯಾವಾಗೋ ಮುಗದದ!" ಎಂದು ಇಡೀ ಕ್ಲಾಸ್ ನಕ್ಕಿತ್ತು. ಅಂದಿನಿಂದ ಅವಳು ಕೈ ಎತ್ತಿರಲಿಲ್ಲ.

ಮರುದಿನ, ಸೋಮವಾರ, ಮಚ್ಛೇಂದ್ರ ಸರ್ ದಪ್ಪ ಗೈಡು ಹಿಡಿದು ಉತ್ತರ ಬರೆಸತೊಡಗಿದರು. "ಹದಿನಾಲ್ಕನೇದು. ಬಿಳಿಜೋಳ. ಜೂನ್ ತಿಂಗಳು, ಕೆಂಪು ಮಣ್ಣು. ಬರಕೊಳ್ರಿ."

ಎಲ್ಲರ ಪೆನ್ಸಿಲ್‌ಗಳು ಓಡಿದವು. ಶಾಲುವಿನದು ಓಡಲಿಲ್ಲ.

"ಬರಿ," ಎಂದು ಕುಬರಾ ಮೊಣಕೈಯಿಂದ ತಿವಿದಳು.

ಸರ್ ಹದಿನೈದನೆಯ ಪ್ರಶ್ನೆಗೆ ಹೋದರು. ಮತ್ತೆ ನಕ್ಕರೆ? ಆದರೆ ಆ ಸಲ ಅವಳು ತನಗೆ ಗೊತ್ತಿಲ್ಲದ್ದನ್ನು ಕೇಳಿದ್ದಳು. ಬಿಳಿಜೋಳ ಹಾಗಲ್ಲ. ಅಪ್ಪ ಬಿತ್ತುವಾಗ ಅವಳೇ ಬೀಜದ ಬುಟ್ಟಿ ಹಿಡಿದು ಹಿಂದೆ ನಡೆದಿದ್ದಳು. ಕಾಲಿಗೆ ಮೆತ್ತಿದ್ದು ಕಪ್ಪು ಮಣ್ಣು.

ಶಾಲು ಎದ್ದು ನಿಂತಳು.

"ಏನವ್ವಾ?" ಎಂದರು ಸರ್.

"ಸರ್, ಹದಿನಾಲ್ಕನೇದು... ನಮ್ಮ ಕಡಿ ಬಿಳಿಜ್ವಾಳ ಜೂನ್‌ನ್ಯಾಗ ಬಿತ್ತಂಗಿಲ್ರಿ. ದಸರಾ ಮುಂದ ಬಿತ್ತತಾರ್ರಿ. ಕರಿ ಮಣ್ಣಾಗ."

ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು, "ಹೌದ್ರಿ ಸರ್, ನಮ್ಮ ಹೊಲದಾಗೂ!" ಇನ್ನೊಂದು, "ನಮ್ಮಲ್ಲೂ ರಿ!" ಕುಬರಾ ತನ್ನ ಹೊಸ ಗೈಡನ್ನು ಒಮ್ಮೆ, ಶಾಲುವನ್ನು ಒಮ್ಮೆ ನೋಡಿದಳು.

ಸರ್ ಗೈಡಿನ ಪುಟವನ್ನು ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಶಾಲುವಿನ ಕಡೆ ನೋಡಿದರು. "ಮತ್ತ? ಹೇಳು."

ಶಾಲು ತಲೆ ಎತ್ತಿ ಕೇಳಿದಳು.

"ಸರ್, ಪರೀಕ್ಷಾದಾಗ ಗೈಡಿನ್ಯಾಗ ಇದ್ದದ್ದು ಬರೀಬೇಕೋ, ಹೊಲದಾಗ ಇದ್ದದ್ದು ಬರೀಬೇಕ್ರಿ?"