ಹೋಳಿಗೆ ಪಂಕ್ತಿಯಲ್ಲಿ ಒಂಬತ್ತು ಸಾವಿರ

ಕನ್ನಡಿಯಲ್ಲಿ ಮತ್ತೆ ಬೊಲೆರೋ ಕಾಣಿಸಿತು.

ಮಂಚಿಕೇರಿ ದಾಟಿದ ಮೇಲೂ ಅದು ನನ್ನ ಬೆನ್ನು ಬಿಟ್ಟಿರಲಿಲ್ಲ. ನಾನು ನಿಧಾನ ಮಾಡಿದರೆ ಅದೂ ನಿಧಾನ. ನಾನು ಎಕ್ಸಲರೇಟರ್ ತಿರುವಿದರೆ ಅದೂ ಗುರ್ರ್... ಎನ್ನುತ್ತ ಮುಂದೆ!

ತಿರುವಿನಲ್ಲಿ ಅದರ ಬಂಪರು ನನ್ನ ಸ್ಕೂಟಿಯ ಮಡ್‌ಗಾರ್ಡಿಗೆ ತಾಗಿತು.

ಧಡ್!

ಎದುರಿಗೆ ಬಸ್ಸು. ಎಡಕ್ಕೆ ಚರಂಡಿ. ಎರಡರ ನಡುವೆ ನುಸುಳಿ ಆಚೆ ಬಂದೆ. ಹೇಗೆ ಬಂದೆ ಅಂತ ಕೇಳಬೇಡಿ. ಕಣ್ಣು ಮುಚ್ಚಿಕೊಂಡಿದ್ದೆ.

"ನಿಲ್ಸಲೇ ಮಗನ!"

ಬೊಲೆರೋದ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದವನು ಹುಚ್ಚಪ್ಪ. ಮುಂಡಗೋಡ ಕಡೆಯವ. ಮೊದಲು ಸಾಲ ವಸೂಲಿಗೆ ಹೋಗುತ್ತಿದ್ದ. ಈಗ ಶಿರಸಿಯ ಒಂದು ಸಾಫ್ಟ್‌ವೇರ್ ಕಂಪನಿಯ ಎಚ್ಚಾರ್ ಮ್ಯಾನೇಜರು! ನಗಬೇಡಿ. ವಿಸಿಟಿಂಗ್ ಕಾರ್ಡು ಇದೆ.

ನನ್ನ ಬಗ್ಗೆ ಹೇಳಿಬಿಡುತ್ತೇನೆ. ಹೆಸರು ಸುಭಾಷ ನಾಯ್ಕ. ಊರು ಮನ್ಮನೆ, ಇರುವುದು ಶಿರಸಿ. ಕೆಲಸ, ವೆರಿಫಿಕೇಶನ್. ಕಂಪನಿಗಳು ಹೊಸ ಹುಡುಗರನ್ನು ತೆಗೆದುಕೊಳ್ಳುವ ಮೊದಲು ನನ್ನನ್ನು ಅವರ ಮನೆಗೆ ಕಳಿಸುತ್ತವೆ. ವಿಳಾಸ ನಿಜವಾ, ಮನೆ ನಿಜವಾ, ಹುಡುಗ ನಿಜವಾ ಅಂತ ನೋಡಿ ಫೋಟೋ ಹೊಡೆದು ಕಳಿಸಬೇಕು. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ನಾನು ಚಹಾ ಕುಡಿಯದ ಜಗುಲಿ ಕಡಿಮೆ.

ನಾನು ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಹೊಸಬರ ಪ್ಯಾಕೇಜು ವರ್ಷಕ್ಕೆ ಮೂರೂವರೆ ಲಕ್ಷ. ಆಮೇಲೆ ಪೆಟ್ರೋಲು ಏರಿತು, ದೋಸೆ ಏರಿತು, ನನ್ನ ಬಿಪಿ ಏರಿತು. ಪ್ಯಾಕೇಜು ಮಾತ್ರ ಮೂರೂವರೆ ಲಕ್ಷದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದೆ. ಅದೂ ದೊಡ್ಡ ಕಂಪನಿಗಳ ಮಾತು. ಸಣ್ಣವರ ಕತೆ ಕೇಳಿದರೆ ನಗು ಬರುತ್ತದೆ. ಅಥವಾ ಸಿಟ್ಟು.

ಈ ಕಂಪನಿಯ ಹೆಸರು ಗಂಡಭೇರುಂಡ ಗ್ಲೋಬಲ್ ಟೆಕ್. ಗ್ಲೋಬಲ್ ಅಂದರೆ ಒಂದು ಪ್ಲೈವುಡ್ ಅಂಗಡಿಯ ಮಾಳಿಗೆ. ಮಾಲೀಕ ನಂದನ ಭಟ್ಟ, ಸಿಇಓ. ಅವನ ಆಫರ್ ಲೆಟರಿನಲ್ಲಿ ಪ್ಯಾಕೇಜು ನಾಲ್ಕೂಕಾಲು ಲಕ್ಷ! ಅದರಲ್ಲಿ ಕುರ್ಚಿ ಬಾಡಿಗೆ, ವೈಫೈ, ಎರಡು ಹೊತ್ತಿನ ಚಹಾ, ಎಸಿ ಎಲ್ಲ ಸೇರಿತ್ತು. ಆಫೀಸಿನಲ್ಲಿ ಎಸಿ ಇಲ್ಲ. ಅದಕ್ಕೂ ಹಿಡಿದುಕೊಂಡಿದ್ದ! ಕೊನೆಗೆ ಹುಡುಗರ ಕೈಗೆ ಬರುತ್ತಿದ್ದುದು ತಿಂಗಳಿಗೆ ಒಂಬತ್ತು ಸಾವಿರ. ಸೇರಿದ ದಿನವೇ ಎಲ್ಲರ ಒರಿಜಿನಲ್ ಮಾರ್ಕ್ಸ್ ಕಾರ್ಡು ಅವನ ಸೂಟ್‌ಕೇಸಿಗೆ. ಬಿಟ್ಟು ಹೋಗಬೇಕೆಂದರೆ ಎರಡು ಲಕ್ಷ ಕಟ್ಟಬೇಕು.

ಅಭಿಜ್ಞಾ ನನ್ನ ಹತ್ತಿರ ಬಂದದ್ದು ಹಿಂದಿನ ದಿನ. ಆ ಕಂಪನಿಯ ಹುಡುಗಿ, ಊರು ಯಲ್ಲಾಪುರ. ನೆಟ್ಟಗೆ ಮಾತಾಡುವವಳು.

"ಸುಭಾಷಣ್ಣ, ಸೋಮವಾರ ಹುಬ್ಬಳ್ಳಿಯಲ್ಲಿ ಜಾಯಿನಿಂಗು. ಇಪ್ಪತ್ತೆಂಟು ಸಾವಿರ ಕೊಡ್ತಾರಂತೆ. ಒರಿಜಿನಲ್ ತೋರಿಸದೇ ಇದ್ರೆ ಕೆಲಸ ಇಲ್ಲ. ಕೇಳಿದೆ, ಭಟ್ರು ಕೊಡ್ಲಿಲ್ಲ."

"ಪೊಲೀಸರ ಹತ್ರ ಹೋಗು."

"ಹೋದ್ರೆ ಸಂಬಳ ಎಷ್ಟು ಅಂತ ಕೇಳ್ತಾರೆ. ಅಪ್ಪಯ್ಯಂಗೆ ಗೊತ್ತಾಗ್ತದೆ. ಮನೇಲಿ ಮೂವತ್ತೈದು ಅಂತ ಹೇಳಿದ್ದೆ... ಅಪ್ಪಯ್ಯ ಊರಿಗೆಲ್ಲ ಹೇಳಿದ್ದಾನೆ."

ನನಗೆ ಇದು ಹೊಸದಲ್ಲ. ಆ ಕಂಪನಿಯ ಅಷ್ಟೂ ಹುಡುಗರ ಜಗುಲಿಯಲ್ಲಿ ಕೂತು ಬಂದವನು ನಾನು. ಎಲ್ಲ ಮನೆಯಲ್ಲೂ ಮೂವತ್ತೈದೇ! ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ. ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ. ನಂದನ ಭಟ್ಟನ ನಿಜವಾದ ಬಂಡವಾಳ ಅದೇ. ಕಂಪ್ಯೂಟರ್ ಎಲ್ಲ ಸೆಕೆಂಡ್ ಹ್ಯಾಂಡು.

ಭಾನುವಾರ ಬೆಳಿಗ್ಗೆ ಹಿಂದಿನ ಮೆಟ್ಟಿಲು ಹತ್ತಿ ಅವನ ಆಫೀಸಿಗೆ ನುಗ್ಗಿದೆ. ಕಪಾಟು ಖಾಲಿ. ಬಾಗಿಲಲ್ಲಿ ಹುಚ್ಚಪ್ಪ!

"ಸೂಟ್‌ಕೇಸ್ ಸಾಹೇಬ್ರ ಕಾರಿನ ಡಿಕ್ಕಿಯಾಗ ಐತ್ರಿ ನಾಯಕ್ರ. ಅವರು ಯಲ್ಲಾಪುರದಾಗ ಅದಾರ, ಮಗನ ಮುಂಜಿಗೆ. ನೀವು ಆಸ್ಪತ್ರಿಗೆ ಹೋಗ್ರಿ."

ನಾನು ಕಿಟಕಿಯಿಂದ ಪ್ಲೈವುಡ್ ರಾಶಿಯ ಮೇಲೆ ಹಾರಿದೆ. ಅಲ್ಲಿಂದ ಸ್ಕೂಟಿ. ಅಲ್ಲಿಂದ ಈ ರಸ್ತೆ.

ಯಲ್ಲಾಪುರದಲ್ಲಿ ಮುಂಜಿ ನಡೆಯುತ್ತಿದ್ದ ಹಾಲ್‌ನ ಗೇಟು ಕಂಡಿತು. ನಂದನ ಭಟ್ಟನ ಬಿಳಿ ಕಾರು ಮಾವಿನ ತೋರಣದ ಕೆಳಗೇ ನಿಂತಿತ್ತು. ಡಿಕ್ಕಿಗೆ ಬೀಗ. ಹಿಂದೆ ಬೊಲೆರೋದ ಬ್ರೇಕು ಕಿರುಚಿತು.

ನನಗೆ ಉಳಿದದ್ದು ಒಂದೇ ದಾರಿ. ಊಟದ ಹಾಲ್!

ಒಳಗೆ ಪಂಕ್ತಿ ಕೂತಾಗಿತ್ತು. ಒಂದು ಎಲೆ ಖಾಲಿ ಇತ್ತು. ಹೋಗಿ ಕೂತೆ. ಎಲೆಯ ಸುತ್ತ ನೀರು ಚಿಮುಕಿಸಿ ಮೊದಲ ತುತ್ತು ಬಾಯಿಗೆ ಹಾಕಿದೆ.

ಭುಜದ ಮೇಲೆ ಒಂದು ಕೈ ಬಿತ್ತು.

"ಏಳ್ರಿ ನಾಯಕ್ರ. ಹೊರಗ ಬರ್ರಿ, ಸ್ವಲ್ಪ ಮಾತೈತಿ."

"ಊಟ ಆಗ್ಲಿ."

"ಊಟ ಹೊರಗ ಹಾಕ್ತೀನಿ ಬರ್ರಿ!"

ಅವನ ಬೆರಳು ನನ್ನ ಕುತ್ತಿಗೆಯ ನರ ಹುಡುಕುತ್ತಿತ್ತು. ಆಗ ಎದುರಿನ ಎಲೆಯಿಂದ ಒಂದು ದನಿ ಗುಡುಗಿತು. ದೇವಕಮ್ಮ, ನಂದನ ಭಟ್ಟನ ತಾಯಿ. ವಯಸ್ಸು ಎಂಬತ್ತರ ಮೇಲೆ. ದನಿಗೆ ಇನ್ನೂ ಇಪ್ಪತ್ತು.

"ಏಯ್! ಉಂಬಲೆ ಕೂತವ್ನ ಎಬ್ಸಲಾಗ! ನಂದನಾ, ಎಂತದೋ ಇದು?"

"ಎಂತೂ ಇಲ್ಲೆ ಆಯಿ!" ನಂದನ ಭಟ್ಟ ಓಡಿ ಬಂದ. ರೇಷ್ಮೆ ಮಡಿ, ಕೈಯಲ್ಲಿ ಹೋಳಿಗೆ ತಟ್ಟೆ. ಹುಚ್ಚಪ್ಪನ ಫೋನು ಆಗಲೇ ಬಂದಿರಬೇಕು. ಅವನಿಗೆ ಕಣ್ಣು ಮಾಡಿದ. ಕುತ್ತಿಗೆ ಮೇಲಿನ ಬೆರಳು ಸಡಿಲವಾಯಿತು.

"ಹೋಳಿಗೆ ಹಾಕಲಾ ನಾಯ್ಕರೇ?" ಎಂದು ಜೋರಾಗಿ ಕೇಳಿದ. ಆಮೇಲೆ ಬಗ್ಗಿ ಕಿವಿಯಲ್ಲಿ, "ಊಟ ಮುಗೀಲಿ. ಕಾಲು ಮುರಿಸ್ತೆ."

"ತುಪ್ಪ ಜಾಸ್ತಿ ಇರ್ಲಿ."

"ಇನ್ನೊಂದು ಹಾಕಲಾ? ...ಆ ಹುಡುಗಿ ಎರಡು ಲಕ್ಷ ಕಟ್ಟಿ ತಗಂಡು ಹೋಗ್ಲಿ. ಬಾಂಡಿಗೆ ಸೈನ್ ಹಾಕಿದಾಳೆ."

"ಅರ್ಧ ಸಾಕು."

ಅವನು ಮುಂದಿನ ಎಲೆಗೆ ಹೋದ. ಆಗಲೇ ನಾನು ಬಡಿಸುವವರನ್ನು ಗಮನಿಸಿದ್ದು. ಸೊಂಟಕ್ಕೆ ಟವೆಲು ಕಟ್ಟಿದ ಹುಡುಗ ಹುಡುಗಿಯರು. ಎಲ್ಲರ ಕೊರಳಲ್ಲೂ ಗಂಡಭೇರುಂಡದ ಐಡಿ ಕಾರ್ಡು, ಸಾಂಬಾರಿನ ಬಕೆಟ್ಟಿನ ಮೇಲೆ ಜೋತಾಡುತ್ತಿತ್ತು. ಭಾನುವಾರದ ರಜೆ ರದ್ದು ಮಾಡಿ ಇಡೀ ಕಂಪನಿಯನ್ನು ಮಗನ ಮುಂಜಿಯಲ್ಲಿ ಬಡಿಸಲು ಕರೆಸಿದ್ದ! ಅದಕ್ಕೆ ಹೆಸರು ಟೀಮ್ ಬಿಲ್ಡಿಂಗ್.

ತುಪ್ಪದ ಗಿಂಡಿ ಹಿಡಿದು ಅಭಿಜ್ಞಾ ನನ್ನ ಎಲೆಗೆ ಬಂದಳು. ಮುಖ ಬಿಳಚಿಕೊಂಡಿತ್ತು.

"ಸಿಕ್ತಾ?"

"ಇಲ್ಲ. ಬೀಗದಕೈ ಅವನ ಸೊಂಟದಲ್ಲಿ. ಹೊರಗೆ ಹೋದ್ರೆ ನನ್ನ ಕಾಲು ಇಲ್ಲ. ನಿಂಗೆ ಶ್ಲೋಕ ಹೇಳೂಕೆ ಬರ್ತದಾ?"

"ಬರ್ತದೆ. ಎಂತಕ್ಕೆ?"

ಈ ಕಡೆಯ ಹೋಳಿಗೆ ಪಂಕ್ತಿ ನಿಮಗೆ ಗೊತ್ತಿರಬೇಕು. ಯಾರಾದರೂ ರಾಗವಾಗಿ ಒಂದು ಶ್ಲೋಕ ಹೇಳುತ್ತಾರೆ. ಮುಗಿದ ಕೂಡಲೇ ಇಡೀ ಪಂಕ್ತಿ 'ಹರ ಹರ ಮಹಾದೇವ' ಎನ್ನುತ್ತದೆ. ಶ್ಲೋಕ ಶುರುವಾದರೆ ನಡುವೆ ತಡೆಯುವಂತಿಲ್ಲ.

"ನಿನ್ನ ಸಂಬಳ ಹೇಳು," ಎಂದೆ.

"ಅಪ್ಪಯ್ಯ ಅಲ್ಲೇ ಕೂತಿದ್ದಾನೆ!"

"ಅದಕ್ಕೇ ಇವನ ಅಂಗಡಿ ನಡೀತಿರೂದು."

ಅವಳು ಅಪ್ಪನ ಕಡೆ ನೋಡಿದಳು. ಆತ ಪಕ್ಕದವರಿಗೆ ಏನೋ ಹೇಳುತ್ತ ನಗುತ್ತಿದ್ದ. ಮಗಳ ಮಾತೇ ಇರಬೇಕು. ನನಗೂ ಸಂಕಟವಾಯಿತು. ಆದರೆ ಸೋಮವಾರಕ್ಕೆ ಉಳಿದದ್ದು ಒಂದೇ ರಾತ್ರಿ.

ಅವಳು ಗಿಂಡಿ ಕೆಳಗಿಟ್ಟಳು. ಕಣ್ಣು ಮುಚ್ಚಿ ದನಿ ತೆಗೆದಳು.

"ಒಂಬತ್ತು ಸಾವಿರವು ತಿಂಗಳ ವೇತನಂ,
ಮೂವತ್ತೈದೆಂಬುದು ಮನೆಗೆ ಸಮಾಧಾನಂ,
ಪೆಟ್ಟಿಗೆಯೊಳೆಮ್ಮ ಮಾರ್ಕ್ಸ್ ಕಾರ್ಡು ಬಂಧನಂ,
ಬಿಡುಗಡೆಗೆ ಎರಡು ಲಕ್ಷ, ನಂದನೇಶಾ ನಮೋಸ್ತುತೇ!"

"ಹರ ಹರ ಮಹಾದೇವ!" ಅಭ್ಯಾಸಬಲದಿಂದ ಪಂಕ್ತಿ ಕೂಗಿಯೇ ಬಿಟ್ಟಿತು.

ಆಮೇಲೆ ಅರ್ಥವಾಯಿತು.

ನಂದನ ಭಟ್ಟನ ಕೈಯಿಂದ ಒಂದು ಹೋಳಿಗೆ ಜಾರಿ ಯಾರದೋ ಸಾರಿಗೆ ಬಿತ್ತು. ಅಭಿಜ್ಞಾಳ ಅಪ್ಪನ ಮುಖ ಕೆಂಪಾಗಿ, ಆಮೇಲೆ ಕಪ್ಪಾಯಿತು.

"ಒಂಬತ್ತನಾ ಕೂಸೇ?"

"ಹೌದು ಅಪ್ಪಯ್ಯ."

ಆತ ಸುತ್ತಲೂ ನೋಡಿದ. ಎಲ್ಲರೂ ಆತನನ್ನೇ ನೋಡುತ್ತಿದ್ದರು. ಆತ ಎದ್ದು ಮಗಳಿಗೆ ಎರಡು ಬಿಡುತ್ತಾನೆ ಅಂದುಕೊಂಡೆ.

"ಇನ್ನೊಂದ್ಸಲ ಹೇಳು," ಎಂದ. "ಜೋರಾಗಿ ಹೇಳು ಕೂಸೇ. ಹಿಂದಿನ ಸಾಲಿಗೆ ಕೇಳಿದ್ದಿಲ್ಲೆ."

ಅವಳು ಹೇಳಿದಳು. ಈ ಸಲ ಕಣ್ಣು ತೆರೆದೇ ಹೇಳಿದಳು. ಮುಗಿದಾಗ ಎಲ್ಲರಿಗಿಂತ ದೊಡ್ಡ 'ಮಹಾದೇವ' ಆ ಅಪ್ಪನದು!

ಸಾಂಬಾರಿನ ಬಕೆಟ್ಟು ಹಿಡಿದಿದ್ದ ವೈಭವ ಎಂಬ ಹುಡುಗ ಅಲ್ಲೇ ನಿಂತುಬಿಟ್ಟ.

"ನಿಂಗೂ ಒಂಬತ್ತೇನಾ? ನಂಗೆ ಮಾತ್ರ ಸಾವಿರ ಜಾಸ್ತಿ, ಯಾರಿಗೂ ಹೇಳ್ಬೇಡ ಅಂದಿದ್ರು!"

"ನಂಗೂ ಹಾಗೇ ಅಂದಿದ್ರು!" ಪಾಯಸದ ಕಡೆಯಿಂದ ಒಂದು ದನಿ.

"ನಂಗೂ!"

ವೈಭವ ಬಕೆಟ್ಟು ಕೆಳಗಿಟ್ಟ. ಠಣ್! ಪಾಯಸ ಕೆಳಗೆ ಬಂತು. ಅನ್ನ ಕೆಳಗೆ ಬಂತು. ಗಂಡಭೇರುಂಡ ಗ್ಲೋಬಲ್ ಟೆಕ್ಕಿನ ಮೊದಲ ಮುಷ್ಕರ, ಕೋಸಂಬರಿಯ ಪಕ್ಕದಲ್ಲಿ.

"ಬಡಿಸ್ರೋ!" ನಂದನ ಭಟ್ಟ ಕಿರುಚಿದ. "ಟೀಮ್ ಬಿಲ್ಡಿಂಗ್ ಇದು!"

ಯಾರೂ ಅಲುಗಲಿಲ್ಲ. ಉಳಿದ ಪಂಕ್ತಿ ಇದ್ದದ್ದರಲ್ಲೇ ಮಜ್ಜಿಗೆ ಅನ್ನ ಕಲಸಿ ಮುಗಿಸಿತು. ಈಗ ನನ್ನ ಸರದಿ. ನನ್ನ ಎಲೆಯಲ್ಲೂ ಮಜ್ಜಿಗೆ ಅನ್ನವಿತ್ತು. ಅದರ ಮುಂದೆ ಕೈ ಕಟ್ಟಿ ಕೂತೆ.

"ಉಣ್ಣೋ!" ಎಂದ ನಂದನ ಭಟ್ಟ.

"ಸೂಟ್‌ಕೇಸು ಬರ್ಲಿ. ಉಣ್ತೆ."

ಒಬ್ಬನ ಊಟ ಮುಗಿಯದೆ ಪಂಕ್ತಿ ಏಳುವಂತಿಲ್ಲ. ಈ ಪಂಕ್ತಿ ಏಳದೆ ಮುಂದಿನದು ಕೂರುವಂತಿಲ್ಲ. ಮುಂದಿನದು ಆಗಲೇ ಎಲ್ಲರ ಕುರ್ಚಿ ಹಿಂದೆ ಬಂದು ನಿಂತಿತ್ತು. ಹಸಿದಿತ್ತು. ನಂದನ ಭಟ್ಟನ ಹೆಂಡತಿಯ ಅಣ್ಣತಮ್ಮಂದಿರೆಲ್ಲ ಅದರಲ್ಲೇ ಇದ್ದರು.

ಹುಚ್ಚಪ್ಪ ತೋಳು ಮಡಚಿದ. "ಎತ್ತಿ ಒಗೀಲಿ ಏನ್ರಿ ಸಾಹೇಬ್ರ?"

"ಮುಟ್ಟಿದ್ರೆ ನೋಡು!" ದೇವಕಮ್ಮ ಎಂಜಲು ಕೈ ಎತ್ತಿ ತೋರಿಸಿದಳು. "ನಂದನಾ, ಮಕ್ಕಳ ವಸ್ತು ಎಂತಕ್ಕೆ ಇಟ್ಕಂಬದು? ಕೊಟ್ಟು ಬಿಡು! ಎನ್ನ ಕೈ ಒಣಗ್ತಾ ಇದ್ದು!"

ಸಿಇಓ ಒಮ್ಮೆ ತಾಯಿಯನ್ನು ನೋಡಿದ. ಒಮ್ಮೆ ಭಾವಂದಿರನ್ನು ನೋಡಿದ. ಸೊಂಟದಿಂದ ಬೀಗದಕೈ ಬಿಚ್ಚಿ ಹುಚ್ಚಪ್ಪನ ಕಡೆ ಎಸೆದ.

ಸೂಟ್‌ಕೇಸು ಬಂತು. ಹೋಳಿಗೆ ಬಡಿಸಿದ ಸಾಲಿನಲ್ಲೇ ನಂದನ ಭಟ್ಟ ಮಾರ್ಕ್ಸ್ ಕಾರ್ಡು ಬಡಿಸಿದ. ಅಭಿಜ್ಞಾ ತನ್ನದನ್ನು ಎರಡು ಸಲ ತಿರುಗಿಸಿ ನೋಡಿ ಎದೆಗೆ ಒತ್ತಿಕೊಂಡಳು. ನಾನು ಮಜ್ಜಿಗೆ ಅನ್ನ ಮುಗಿಸಿದೆ. ಪಂಕ್ತಿ ಎದ್ದಿತು.

ಕೈ ತೊಳೆಯುವಲ್ಲಿ ಹುಚ್ಚಪ್ಪ ಕಾದಿದ್ದ. ನಾನು ಮುಷ್ಟಿ ಬಿಗಿದೆ.

"ಸಿಟ್ಟಾಗಬ್ಯಾಡ್ರಿ ನಾಯಕ್ರ." ಜೇಬಿನಿಂದ ಒಂದು ಮಡಚಿದ ಕಾಗದ ತೆಗೆದ. "ನನ್ನ ಎಸ್ಸೆಸ್ಸೆಲ್ಸಿ ಕಾರ್ಡೂ ಅದ್ರಾಗ ಇತ್ರಿ. ನನಗ ಏಳ ಸಾವಿರ ಕೊಡ್ತಿದ್ದ."

ಸೋಮವಾರ ಸಂಜೆ ಅಭಿಜ್ಞಾಳ ಫೋನು ಬಂತು.

"ಕೆಲಸ ಆಯ್ತು ಸುಭಾಷಣ್ಣ! ಒರಿಜಿನಲ್ ತೋರಿಸಿ ಕೂಡ್ಲೇ ಬ್ಯಾಗಿಗೆ ಹಾಕ್ಕಂಡೆ."

"ಶಾಭಾಸ್! ಇಪ್ಪತ್ತೆಂಟಾ?"

"ಟ್ರೇನಿಂಗ್ ಮುಗಿಯೋವರೆಗೆ ಹದಿನೆಂಟಂತೆ." ಅವಳ ದನಿಯಲ್ಲಿ ನಗುವೋ ಸಿಟ್ಟೋ, ಗೊತ್ತಾಗಲಿಲ್ಲ. "ಎಚ್ಚಾರ್ ಮೇಡಂ ಮೆಲ್ಲಗೆ ಹೇಳಿದ್ರು, ನಿಮಗೆ ಮಾತ್ರ ಎರಡು ಸಾವಿರ ಜಾಸ್ತಿ ಹಾಕಿದೇವೆ, ಯಾರಿಗೂ ಹೇಳ್ಬೇಡಿ ಅಂತ."

"ಮತ್ತೆ ನೀನು?"

"ಹೊರಗೆ ಬಂದು ಬೆಂಚಿನ ಮೇಲೆ ಕೂತ ಹೊಸಬರನ್ನೆಲ್ಲ ಕೇಳಿದೆ."

"ಎಷ್ಟಂತೆ?"

"ಎಲ್ಲರಿಗೂ ಹದಿನೆಂಟೇ."

ನಾನು ಚಹಾ ಅಂಗಡಿಯಲ್ಲಿ ಎದ್ದು ನಿಂತೆ. ಪಕ್ಕದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ.

"ಹರ ಹರ ಮಹಾದೇವ!"