ಸುಲಿತದ ಸೀರೆ

ಭಂಡಿಗಡಿಯ ಸೀತಕ್ಕನ ಹೆಸರಿನಲ್ಲಿ ಯಾರೋ ಅಡಿಕೆ ವ್ಯಾಪಾರ ಮಾಡಿ, ಅವಳ ಹೆಸರಿನಲ್ಲೇ ಸುಳ್ಳು ರಿಟರ್ನ್ ಸಲ್ಲಿಸಿದರು. ಬಾಕಿ ತೆರಿಗೆ, ಮೇಲೆ ಅದರ ದುಪ್ಪಟ್ಟು ದಂಡ ಕಟ್ಟಬೇಕೆಂದು ನೋಟಿಸು ಅವಳಿಗೆ ಬಂತು. ಬಿಪಿಎಲ್ ಕಾರ್ಡು ರದ್ದಾಯಿತು. ಸೀತಕ್ಕ ಅಡಿಕೆ ಸುಲಿಯುವ ಕೂಲಿಯವಳು.

ದಿನಾಂಕ 9-6-2025ರ ಬೆಳಿಗ್ಗೆ ಅವಳು ಕೊಪ್ಪ ಠಾಣೆಯ ಬೆಂಚಿನ ಮೇಲೆ ಬಂದು ಕೂತಳು. ದೂರು ಬರೆಸಿಕೊಂಡದ್ದು ಪಿಎಸ್‌ಐ ಸುಮನಾ.

"ವ್ಯಾಪಾರ ಏನಾದ್ರೂ ಮಾಡ್ತೀರಾ?"

"ಮಾಡಿದ್ರೆ ಕಾರಲ್ಲಿ ಬರ್ತಿದ್ದೆ. ನಿಮ್ಮ ಬೆಂಚಿನ ತಿಗಣೆ ಕೈಲಿ ಯಾಕೆ ಕಚ್ಚಿಸ್ಕೊಳ್ತಿದ್ದೆ?"

ಹೆಡ್ ಕಾನ್ಸ್‌ಟೇಬಲ್ ಧರ್ಮಪ್ಪ ನಗು ನುಂಗಿಕೊಂಡ.

"ಪ್ಯಾನ್ ಕಾರ್ಡು ಯಾರಿಗೆ ಕೊಟ್ಟಿದ್ರಿ?"

"ಅದು ಹೇಗಿರ್ತದೆ ಅಂತ್ಲೇ ಗೊತ್ತಿಲ್ಲಮ್ಮ."

"ಆಧಾರ್?"

"ಅದು ರೇಣುಕಪ್ಪ ಸಾಹುಕಾರ್ರಿಗೆ ಕೊಟ್ಟಿದ್ದೆ. ಸೀರೆಗೆ."

ಅಡಿಕೆ ಸುಲಿತ ಮುಗಿದ ದಿನ ಹೋಳಿಗೆ ಊಟ ಹಾಕಿ, ಸುಲಿದ ಹೆಂಗಸರಿಗೆಲ್ಲ ಒಂದೊಂದು ಸೀರೆ ಕೊಡುವುದು ರೇಣುಕಪ್ಪನ ತಂದೆಯ ಕಾಲದಿಂದ ಬಂದ ರೂಢಿ. ಮೂರು ವರ್ಷದ ಹಿಂದೆ ಮಾತ್ರ ಆಧಾರ್ ಕೇಳಿದ್ದರು, ಮೊಬೈಲಿಗೆ ಬಂದ ನಂಬರನ್ನೂ ಕೇಳಿದ್ದರು.

"ಸೀರೆಗೂ ಓಟಿಪಿ ಬೇಕಾ ಅಂದೆ. ಈಗ ಎಲ್ಲ ಆನ್‌ಲೈನ್ ಸೀತಕ್ಕ ಅಂದ್ರು. ನಂಗೆ ಹಸಿರು ಸೀರೆ ಇರ್ಲಿ ಅಂದು ಸುಮ್ನಾದೆ."

ಎಫ್‌ಐಆರ್ ದಾಖಲಾಯಿತು. ಧರ್ಮಪ್ಪನಿಗೆ ಕಸಿವಿಸಿ. "ಮೇಡಂ, ಅವರು ಒಳ್ಳೇ ಮನುಷ್ಯ. ನನ್ ತಂಗಿ ಹೆರಿಗೆಗೆ ಜೀಪು ಕಳಿಸಿದವರು."

"ಒಳ್ಳೇದಾಯ್ತು. ರಿಟರ್ನ್‌ನಲ್ಲಿರೋ ಮೊಬೈಲ್ ಯಾರದ್ದು ನೋಡಿ."

ತೆರಿಗೆ ಇಲಾಖೆಯಿಂದ ಉತ್ತರ ಬಂತು. ಅದು ರೇಣುಕಪ್ಪನ ಅಡಿಕೆ ಮಂಡಿಯ ನಂಬರು. 14ರಂದು ಪಂಚರ ಸಮಕ್ಷಮ ಮಂಡಿ ಶೋಧಿಸಿದಾಗ, ಬೀರುವಿನಲ್ಲಿದ್ದ ಸೀರೆ ಡಬ್ಬದಲ್ಲಿ, ಆ ಆಧಾರ್‌ಗಳಿಂದ ಮಾಡಿಸಿದ್ದ ಹೆಂಗಸರ ಪ್ಯಾನ್ ಕಾರ್ಡುಗಳು ಸಿಕ್ಕವು. ಮೇಲೇ ಇದ್ದದ್ದು ಸೀತಕ್ಕನದು. ಪಂಚನಾಮೆ ಬರೆಯುವಾಗ ಧರ್ಮಪ್ಪ ತಲೆ ಎತ್ತಲಿಲ್ಲ.

"ಯಾಕೆ ಮಾಡಿದ್ರಿ?" ಸುಮನಾ ಕೇಳಿದಳು.

ರೇಣುಕಪ್ಪ ಕನ್ನಡಕ ಒರೆಸಿಕೊಂಡರು. "ಒಂದ್ಸಲ ರಿಟರ್ನ್‌ನಲ್ಲಿ ನಿಜವಾಗ್ಲೂ ಕಣ್ತಪ್ಪಾಗಿತ್ತು. ತೆರಿಗೆ ಆಫೀಸಿಗೆ ನಾನೇ ಹೋಗಿ ಹೇಳ್ದೆ. ಕಳ್ಳನ್ನ ನೋಡಿದ ಹಾಗೆ ನೋಡಿ ದಂಡ ಹಾಕಿದ್ರು. ಆಮೇಲೆ ಮನಸ್ಸು ಕೆಟ್ಟಿತು."

"ಅದಕ್ಕೆ ಇವರ ಹೆಸರು ಯಾಕೆ?"

"ನಮ್ಮ ಮನೆಯವರೇ ಅಂದ್ಕೊಂಡಿದ್ದೆ."

"ಲಾಭ ಬಂದಾಗ ಮನೆಯವರು ಅನ್ನಿಸ್ಲಿಲ್ವಾ?"

ರೇಣುಕಪ್ಪ ಕನ್ನಡಕ ಮತ್ತೆ ಹಾಕಿಕೊಂಡರು. ಅವರನ್ನು ದಸ್ತಗಿರಿ ಮಾಡಲಾಯಿತು.

ಮರುದಿನ ಸೀತಕ್ಕ ಸ್ಟೀಲ್ ಡಬ್ಬದಲ್ಲಿ ಗಂಜಿ, ಮಿಡಿ ಉಪ್ಪಿನಕಾಯಿ ತಂದಳು. "ಸಾಹುಕಾರ್ರು ಸಕ್ಕರೆ ಕಾಯಿಲೆಯವರು, ಹಸಿದಿರಬಾರ್ದು," ಎಂದು ಧರ್ಮಪ್ಪನ ಕೈಗೆ ಕೊಟ್ಟಳು.

ಸಾಹುಕಾರರ ವಕೀಲರು ಬಾಗಿಲಲ್ಲೇ ಕಾಯುತ್ತಿದ್ದರು. "ನೋಡಮ್ಮ, ವ್ಯಾಪಾರ ನಂದೇ, ಕಣ್ತಪ್ಪಿಂದ ವರಮಾನ ಕಮ್ಮಿ ತೋರ್ಸಿದೆ ಅಂತ ಸಹಿ ಹಾಕು. ಬೇಕಂತ ಮಾಡಿದ್ದಲ್ಲ ಅಂತಾದ್ರೆ ದಂಡ ತೆರಿಗೆಯ ಅರ್ಧಕ್ಕಿಳೀತದೆ. ಎಲ್ಲ ಸಾಹುಕಾರ್ರೇ ಕಟ್ತಾರೆ. ಕೇಸೂ ಬಿದ್ದುಹೋಗ್ತದೆ."

"ನನ್ ರೇಷನ್ ಕಾರ್ಡು?"

ವಕೀಲರು ಪೆನ್ನಿನ ಮುಚ್ಚಳ ತೆಗೆದರು. "ವ್ಯಾಪಾರಸ್ಥರಿಗೆ ಆ ಕಾರ್ಡು ಸಿಗಲ್ಲಮ್ಮ."

ಸುಮನಾ ಕುರ್ಚಿಯಿಂದ ಅರ್ಧ ಎದ್ದಳು. ಅಷ್ಟರಲ್ಲಿ ಲಾಕಪ್ಪಿನ ಸರಳಿನ ಹಿಂದಿನಿಂದ ರೇಣುಕಪ್ಪನ ದನಿ ಬಂತು. "ನಮ್ಮ ಸೀತಕ್ಕ ಅಲ್ವಾ ನೀನು? ಸಹಿ ಹಾಕು ಮಾರಾಯ್ತಿ."

ಸೀತಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅಡಿಕೆಯ ಕಲೆ ಹಿಡಿದು ಕಪ್ಪಾದ ಬೆರಳಿಂದ ಪೆನ್ನನ್ನು ಮೆಲ್ಲಗೆ ವಕೀಲರ ಕಡೆಗೇ ತಳ್ಳಿದಳು.

"ಗಂಜಿ ಬಿಸಿ ಇದೆ, ಕುಡೀರಿ ಸಾಹುಕಾರ್ರೆ. ನಾಳೆನೂ ತರ್ತೇನೆ. ಸಹಿ ಮಾತ್ರ ಹಾಕದಿಲ್ಲ."